ಭಾನುವಾರ ನೋಡಿದ ಮನೆ

ಓದುಗರ ಸ್ಪಂದನ

ರಾಜಾಜಿನಗರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಗೊಂದಲ ಬರೆದಿದ್ದರು. ಹನ್ನೊಂದು ವರ್ಷದಿಂದ ಬಾಡಿಗೆ ಮನೆ. ಗಂಡನ ಆಫೀಸು ನಾಗವಾರದ ಹತ್ತಿರ, ಇವರ ಕೆಲಸ ಮಲ್ಲೇಶ್ವರದಲ್ಲಿ. ಮಗಳು ನಾಲ್ಕನೇ ಕ್ಲಾಸು, ಅತ್ತೆಗೆ 68. ದೇವನಹಳ್ಳಿ ದಾಟಿದ ಮೇಲೆ ಸಿಗುವ ಹೊಸ ಟೌನ್‌ಶಿಪ್‌ನಲ್ಲಿ 92 ಲಕ್ಷದ ಮೂರು ಬೆಡ್‌ರೂಮಿನ ಫ್ಲ್ಯಾಟ್ ನೋಡಿ ಬಂದಿದ್ದಾರೆ. ಮೊದಲ ಹಂತದಲ್ಲಿ ಜನ ವಾಸವಿದ್ದಾರೆ. ಇವರಿಗೆ ಸಿಗುವುದು ಇನ್ನೂ ಕಟ್ಟಬೇಕಾದ ಎರಡನೇ ಹಂತದಲ್ಲಿ. ‘ಈ ರೇಟು ತಿಂಗಳ ಕೊನೆವರೆಗೆ ಮಾತ್ರ’ ಎಂದು ದಿನಾ ಫೋನು ಬರುತ್ತಿದೆ. ಗಂಡನಿಗೆ ಮನಸ್ಸಿದೆ. ಅತ್ತೆ ‘ನೀವು ಹೋಗಿ, ನಾನು ಇಲ್ಲೇ ಇರ್ತೀನಿ’ ಅಂದಿದ್ದಾರೆ. ಏನು ಮಾಡಲಿ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

‘ಹೋದ ಭಾನುವಾರ ನೋಡಿ ಬಂದೆವು, ಹೆಬ್ಬಾಳದಿಂದ ಅರ್ಧ ಗಂಟೆ ಅಷ್ಟೆ’ ಅಂತ ಬರೆದಿದ್ದೀರಿ. ಅಲ್ಲೇ ಗೊತ್ತಾಯಿತು ಬಿಡಿ, ನಾವೂ ಹಾಗೇ ನೋಡಿದ್ದು.

ಕಂಪನಿಯ ಕಾರೇ ಮನೆ ಬಾಗಿಲಿಗೆ ಬಂತು. ಮಾದರಿ ಮನೆಯಲ್ಲಿ ಏಲಕ್ಕಿ ಟೀ ಕೊಟ್ಟರು. ಗಾಜಿನ ಪೆಟ್ಟಿಗೆಯೊಳಗೆ ಇಡೀ ಊರನ್ನೇ ಪುಟ್ಟದಾಗಿ ಮಾಡಿಟ್ಟಿದ್ದರು. ಬಟನ್ ಒತ್ತಿದರೆ ಬೀದಿದೀಪ, ಬೆರಳುದ್ದದ ಶಾಲೆ, ಅದರ ಮುಂದೆ ಕಡಲೆಕಾಳಿನಷ್ಟು ಬಸ್ಸು. ಆ ಶಾಲೆ ನೋಡಿಯೇ ನಾನು ಸೋತುಹೋದೆ. ಗೃಹಪ್ರವೇಶ ಆಗಿ ನಾಲ್ಕು ವರ್ಷ ಆಯಿತು. ಶಾಲೆಯ ಜಾಗದಲ್ಲಿ ಈಗಲೂ ಎಮ್ಮೆ ಮೇಯುತ್ತವೆ. ಕ್ಲಬ್‌ಹೌಸ್ ಮೂರು ವರ್ಷ ತಡವಾಗಿ ಬಂತು. ಅದರ ದುಡ್ಡು ಮಾತ್ರ ಮೊದಲ ಕಂತಿನಲ್ಲೇ ಹೋಗಿತ್ತು.

ಹಾಗಂತ ಬೇಡ ಅನ್ನುತ್ತಿಲ್ಲ. ನನಗೆ ಇಲ್ಲಿ ಇಷ್ಟ. ಮಕ್ಕಳು ಸಂಜೆ ಏಳರವರೆಗೂ ಸೈಕಲ್ ಹೊಡೆಯುತ್ತವೆ, ಯಾರೂ ಹಾರ್ನ್ ಮಾಡುವುದಿಲ್ಲ. ರಾತ್ರಿ ಕಿಟಕಿ ತೆಗೆದಿಟ್ಟು ಮಲಗಬಹುದು. ವಿಮಾನದ ಸದ್ದಿಗೆ ಒಂದು ತಿಂಗಳಲ್ಲಿ ಕಿವಿ ಒಗ್ಗಿಬಿಡುತ್ತದೆ.

ಆದರೆ ನೀವು ಒಂದು ಮಂಗಳವಾರ ರಜೆ ಹಾಕಿ. ಬೆಳಿಗ್ಗೆ ಎಂಟಕ್ಕೆ ಆ ಟೌನ್‌ಶಿಪ್ ಗೇಟಿನಿಂದ ನಿಮ್ಮ ಕಾರಲ್ಲೇ ಮಲ್ಲೇಶ್ವರಕ್ಕೆ ಹೊರಡಿ. ಸಾದಹಳ್ಳಿ ಟೋಲ್ ಕಟ್ಟಿ, ಹೆಬ್ಬಾಳದ ಸಾಲಿನಲ್ಲಿ ನಿಂತು, ಆಫೀಸಿನ ಬಾಗಿಲಲ್ಲಿ ಗಡಿಯಾರ ನೋಡಿ. ಸಂಜೆ ಆರಕ್ಕೆ ವಾಪಸ್ ಬನ್ನಿ. ‘ಮೆಟ್ರೋ ಬರ್ತಾ ಇದೆ’ ಅಂತ ನಿಮಗೂ ಹೇಳಿರುತ್ತಾರೆ. ನೀಲಿ ಮಾರ್ಗ ಬರುವುದು ವಿಮಾನ ನಿಲ್ದಾಣದವರೆಗೆ. ದೇವನಹಳ್ಳಿ ಊರಿಗೆ ಅದು ಬರುವುದಿಲ್ಲ. ನಿಲ್ದಾಣದಿಂದ ನಿಮ್ಮ ಮನೆಗೆ ಆಟೋನೋ ಸ್ಕೂಟರೋ ಬೇಕೇ ಬೇಕು.

ಇನ್ನು ನೀರು. ಕಾವೇರಿ ಬರುತ್ತಾ ಅಂತ ನಾನು ಕೇಳಿದ್ದಕ್ಕೆ ‘ಐದನೇ ಹಂತ ಆಗ್ತಿದೆ ಮೇಡಂ’ ಅಂದಿದ್ದರು. ಸುಳ್ಳಲ್ಲ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯೂ ಆಯಿತು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಆದರೆ ಅದು 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ. ದೇವನಹಳ್ಳಿ ಆ ಪಟ್ಟಿಯಲ್ಲಿಲ್ಲ. ನಮ್ಮದು ಬೋರ್‌ವೆಲ್ ಮತ್ತು ಟ್ಯಾಂಕರ್ ಸಂಸಾರ. ನೀವು ಒಂದು ಕೆಲಸ ಮಾಡಿ. ಮೊದಲ ಹಂತದಲ್ಲಿ ಇರುವವರು ಯಾರನ್ನಾದರೂ ಮಾತಾಡಿಸಿ, 2024ರ ಮಾರ್ಚ್‌ನಿಂದ ಮೇ ತನಕದ ಮೇಂಟೆನೆನ್ಸ್ ಬಿಲ್ ತೋರಿಸಿ ಅನ್ನಿ. ಆ ಬೇಸಿಗೆಯಲ್ಲಿ ನೀರಿಗೆ ಎಷ್ಟು ಸುರಿದರು ಅಂತ ಅದರಲ್ಲೇ ಇರುತ್ತದೆ. ಗೇಟಿನ ಸೆಕ್ಯುರಿಟಿಯವರನ್ನು ದಿನಕ್ಕೆ ಎಷ್ಟು ಟ್ಯಾಂಕರ್ ಒಳಗೆ ಬರುತ್ತವೆ ಅಂತ ಕೇಳಿದರೂ ಸಾಕು. ಅವರಿಗೆ ಮಾರುವ ಅವಸರ ಇರುವುದಿಲ್ಲ.

– ಹೆಸರು ಬೇಡ, ದೇವನಹಳ್ಳಿ ರಸ್ತೆ

*

ಭೂ ದಾಖಲೆಗಳ ಕೆಲಸದಲ್ಲಿ 31 ವರ್ಷ ಇದ್ದವನು ನಾನು. ಹಾಗಾಗಿ ಕಾಗದದ ಮಾತು ಮಾತ್ರ ಆಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಎರಡನೇ ಹಂತಕ್ಕೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಆಗಿದೆಯಾ? ಮೊದಲ ಹಂತದ ನಂಬರ್ ತೋರಿಸಿದರೆ ತಲೆಯಾಡಿಸಬೇಡಿ. ಹಂತ ಹಂತವಾಗಿ ಕಟ್ಟುವಾಗ ಕಾನೂನಿನ ಕಣ್ಣಲ್ಲಿ ಒಂದೊಂದು ಹಂತವೂ ಬೇರೆ ಯೋಜನೆ. ಒಂದೊಂದಕ್ಕೂ ಬೇರೆ ನೋಂದಣಿ ಆಗಬೇಕು. ನೋಂದಣಿಗೆ ಮೊದಲು ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ‘ಪ್ರೀ ಲಾಂಚ್ ಆಫರ್’ ಅನ್ನುವುದೇ ತಪ್ಪು. ಟೋಕನ್ ದುಡ್ಡಿಗೆ ಏನೇನೋ ಇಂಗ್ಲಿಷ್ ಹೆಸರಿಟ್ಟು ರಸೀದಿ ಕೊಡುತ್ತಾರೆ. ಹೆಸರು ಬದಲಾದರೆ ಕೆಲಸ ಬದಲಾಗುವುದಿಲ್ಲ.

ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿ. ಮುಗಿಸುವ ತಾರೀಖು ಅಲ್ಲಿ ಇರುತ್ತದೆ. ಕರಪತ್ರದಲ್ಲಿರುವ ತಾರೀಖಿಗೂ ಅದಕ್ಕೂ ಒಂದೆರಡು ವರ್ಷದ ಅಂತರ ಇದ್ದರೆ ಆಶ್ಚರ್ಯಪಡಬೇಡಿ. ಕ್ಲಬ್‌ಹೌಸ್, ಈಜುಕೊಳ, ಶಾಲೆ ಯಾವ ಹಂತದ ನಕ್ಷೆಯಲ್ಲಿದೆ ಎಂಬುದನ್ನೂ ನೋಡಿ. ನಿಮ್ಮ ಹಂತದ ಮಂಜೂರಾದ ನಕ್ಷೆಯಲ್ಲಿ ಇಲ್ಲದ್ದು ಬರೀ ಬಾಯಿಮಾತು. ನಕ್ಷೆಯಲ್ಲಿ ಇದ್ದದ್ದನ್ನು ಬದಲಿಸಬೇಕಾದರೆ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಕರಾರು ಪತ್ರ ನೋಂದಣಿ ಆಗುವ ಮೊದಲು ಶೇ 10ಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ನೀವು ಕೊಡುವ ದುಡ್ಡಿನಲ್ಲಿ ಶೇ 70 ಆ ಯೋಜನೆಯ ಪ್ರತ್ಯೇಕ ಖಾತೆಗೇ ಹೋಗಬೇಕು. ಮನೆ ಕೈಗೆ ಬಂದ ಮೇಲೆ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಇದೆಲ್ಲ 2016ರ ರೇರಾ ಕಾಯ್ದೆಯಲ್ಲೇ ಇದೆ. ನೆನಪಿಸುವವರು ಮಾತ್ರ ನೀವೇ ಆಗಬೇಕು.

ಇನ್ನು ನೆಲ. ಆ ಭಾಗದ ಟೌನ್‌ಶಿಪ್‌ಗಳು ನಿಂತಿರುವುದು ನಿನ್ನೆ ಮೊನ್ನೆವರೆಗೆ ರಾಗಿ, ದ್ರಾಕ್ಷಿ, ಚಕ್ಕೋತ ಬೆಳೆಯುತ್ತಿದ್ದ ಹೊಲಗಳ ಮೇಲೆ. ಹಾಗಾಗಿ ಒಂದು ಸರ್ವೆ ನಂಬರ್ ಅಲ್ಲ, ಇಪ್ಪತ್ತು ಮೂವತ್ತು ಇರುತ್ತವೆ. ನಿಮ್ಮ ಬ್ಲಾಕ್ ಯಾವ ಸರ್ವೆ ನಂಬರಿನಲ್ಲಿದೆ ಅಂತ ಬರೆಸಿಕೊಳ್ಳಿ. ಅದರ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಭೂ ಪರಿವರ್ತನೆ ಆದೇಶ, ಮೂಲ ಪತ್ರ, 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ. ಎಸ್‌ಸಿ, ಎಸ್‌ಟಿ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಅದರಲ್ಲಿ ಸೇರಿದೆಯಾ ನೋಡಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಕೊಂಡರೆ ಅದು ಕೊಂಡಂತೆ ಅಲ್ಲ. ಗ್ರಾಮ ನಕ್ಷೆಯನ್ನೂ ತರಿಸಿ. ಹಳ್ಳ, ರಾಜಕಾಲುವೆ, ಬಂಡಿದಾರಿ ಎಲ್ಲಿ ಹಾದಿದೆ ಅಂತ ಅದು ಹೇಳುತ್ತದೆ. ಬಣ್ಣದ ಕರಪತ್ರದಲ್ಲಿ ಅದೇ ಹಳ್ಳ ‘ಹಸಿರು ನಡಿಗೆ ಪಥ’ ಆಗಿರುವುದನ್ನು ನಾನು ಕಂಡಿದ್ದೇನೆ.

ಭೂಸ್ವಾಧೀನದ ನೋಟಿಸ್ ಇದೆಯಾ ಎಂಬುದೂ ಮುಖ್ಯ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ವಿಚಾರ ನಿಮಗೆ ನೆನಪಿರಬಹುದು. ರೈತರು ವರ್ಷಗಟ್ಟಲೆ ಧರಣಿ ಕೂತ ಮೇಲೆ 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಆ ಸೀಮೆಯಲ್ಲಿ ನೆಲದ ಲೆಕ್ಕ ಹೀಗೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ.

ಕೊನೆಯದಾಗಿ, ಮೊದಲ ಹಂತಕ್ಕೆ ಓಸಿ, ಅಂದರೆ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ ಸಿಕ್ಕಿದೆಯಾ ಕೇಳಿ. ಓಸಿ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ಹಂತದ್ದೇ ಇನ್ನೂ ಬಂದಿಲ್ಲ ಅಂದರೆ ನಿಮ್ಮದು ಯಾವ ಕಾಲಕ್ಕೆ ಅಂತ ನೀವೇ ಲೆಕ್ಕ ಹಾಕಿ.

ಇಷ್ಟನ್ನೂ ವಕೀಲರಿಂದ ನೋಡಿಸಿ. ಬಿಲ್ಡರ್ ಹೇಳಿದ ವಕೀಲರಲ್ಲ, ನಿಮ್ಮ ವಕೀಲರು. ‘ಬ್ಯಾಂಕ್ ಲೋನ್ ಕೊಡ್ತಿದೆ ಅಂದ್ಮೇಲೆ ಎಲ್ಲ ಸರಿ ಇರುತ್ತೆ’ ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬ್ಯಾಂಕಿಗೆ ಸಾಲ ತೀರಿಸುವವರು ನೀವು. ಮನೆ ಉಳಿದರೂ ಹೋದರೂ ತೀರಿಸಬೇಕು.

– ನಿವೃತ್ತ ನೌಕರ, ತುಮಕೂರು

*

92 ಲಕ್ಷ ಅಂದರೆ 92 ಲಕ್ಷ ಅಲ್ಲ ಮೇಡಂ. ಕಟ್ಟುತ್ತಿರುವ ಮನೆಗೆ ಶೇ 5 ಜಿಎಸ್‌ಟಿ, 4.6 ಲಕ್ಷ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಜಿಎಸ್‌ಟಿ ಬಿಟ್ಟು ಮುದ್ರಾಂಕ, ನೋಂದಣಿ ಸೇರಿಯೇ ಸುಮಾರು 7 ಲಕ್ಷ. ನಿಮ್ಮ ಮಟ್ಟದ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ 80ರವರೆಗೆ ಕೊಡಬಹುದು. ಅಂದರೆ 73.6 ಲಕ್ಷ. ತೆರಿಗೆ, ಶುಲ್ಕಕ್ಕೆ ಕೊಡುವುದಿಲ್ಲ. ಹಾಗಾಗಿ ನಿಮ್ಮ ಕೈಯಿಂದಲೇ 30 ಲಕ್ಷ ಹೊರಡಬೇಕು. ಪಾರ್ಕಿಂಗು, ಕಾರ್ಪಸ್ ಫಂಡು (ಮುಂದಿನ ದೊಡ್ಡ ರಿಪೇರಿಗೆಂದು ಕೂಡಿಡುವ ಹಣ), ಮುಂಗಡ ಮೇಂಟೆನೆನ್ಸು, ಅಡುಗೆಮನೆಯ ಮರದ ಕೆಲಸ ಬೇರೆ.

ಶೇ 8.5ರ ಬಡ್ಡಿಗೆ 20 ವರ್ಷ ಹಿಡಿದರೆ ತಿಂಗಳ ಕಂತು ಹೆಚ್ಚೂಕಡಿಮೆ 64 ಸಾವಿರ. ಮನೆ ಕೈಗೆ ಸಿಗುವ ತನಕ ಬಡ್ಡಿಯೂ ಕಟ್ಟಬೇಕು, ರಾಜಾಜಿನಗರದ ಬಾಡಿಗೆಯೂ ಕಟ್ಟಬೇಕು. ಜನ ಸುಸ್ತಾಗುವುದು ಅಲ್ಲೇ. ಬೆಲೆ 50 ಲಕ್ಷ ದಾಟಿರುವುದರಿಂದ ಬಿಲ್ಡರ್‌ಗೆ ಕೊಡುವಾಗ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿಯೂ ನಿಮ್ಮದೇ.

ಮೊದಲ ಹಂತದಲ್ಲಿ ಯಾರಾದರೂ ಮಾರುತ್ತಿದ್ದಾರಾ ವಿಚಾರಿಸಿ. ಓಸಿ ಆದ ಮನೆಗೆ ಜಿಎಸ್‌ಟಿ ಇಲ್ಲ. ಕೋಣೆಯನ್ನು ಟೇಪು ಹಿಡಿದು ಅಳೆಯಬಹುದು. ಗೋಡೆ, ಮೆಟ್ಟಿಲು, ಲಿಫ್ಟಿನಂಥ ಹಂಚಿಕೆ ಜಾಗದ ಪಾಲೂ ಸೇರಿಸಿ ಸೂಪರ್ ಬಿಲ್ಟ್‌ಅಪ್ 1,500 ಚದರಡಿ ಅಂದದ್ದು ಒಳಗೆ ಕಾಲಿಟ್ಟಾಗ ಸಾವಿರದ ಆಸುಪಾಸಿಗೆ ಬರುವುದು ಮಾಮೂಲಿ.

– ಬ್ಯಾಂಕ್ ಉದ್ಯೋಗಿ, ದಾವಣಗೆರೆ

*

ನಾವು ಹೋಗಿ ವಾಪಸ್ ಬಂದವರು. ಸರ್ಜಾಪುರದ ಕಡೆಯ ಟೌನ್‌ಶಿಪ್, ಊರಿನ ಆ ಮೂಲೆ. ಕಟ್ಟಡದಲ್ಲಿ ಒಂದೂ ಕೊರತೆ ಇರಲಿಲ್ಲ. ಮಗನ ಸ್ಕೂಲ್ ಬಸ್ 6.20ಕ್ಕೆ. ಎರಡು ವರ್ಷ ಅವನು ಬೆಳಗಿನ ದೋಸೆ ತಿಂದದ್ದು ಬಸ್ಸಿನಲ್ಲೇ. ಮನೆ ಬಾಡಿಗೆಗೆ ಕೊಟ್ಟು ಜಯನಗರದಲ್ಲಿ ಬಾಡಿಗೆಗೆ ಇದ್ದೇವೆ. ನಿಮ್ಮ ಮಗಳ ಶಾಲೆ ಬದಲಿಸುತ್ತೀರಾ ಇಲ್ಲವಾ ಎಂಬುದನ್ನು ಪತ್ರದಲ್ಲಿ ಬರೆದೇ ಇಲ್ಲ. ಅದನ್ನು ಮೊದಲು ತೀರ್ಮಾನ ಮಾಡಿ.

– ಓದುಗ, ಬೆಂಗಳೂರು

*

ಮಗಳೇ, ಎಲ್ಲರೂ ನಿನಗೆ ರೋಡು, ನೀರು, ಕಾಗದ ಅಂತ ಬರೆದಿರುತ್ತಾರೆ. ನಾನು ನಿನ್ನ ಅತ್ತೆಯ ಪಕ್ಷ. ನನಗೆ 73.

‘ಇಲ್ಲೇ ಇರ್ತೀನಿ’ ಅಂದರೆ ಹಟ ಅಂದುಕೊಳ್ಳಬೇಡ. ರಾಜಾಜಿನಗರದಲ್ಲಿ ಅವರು ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಾರೆ. ಸೊಪ್ಪು, ಹೂವು, ದೇವಸ್ಥಾನ, ಬಿಪಿ ಮಾತ್ರೆ, ಎಲ್ಲ ಹತ್ತು ಹೆಜ್ಜೆ. ಅಲ್ಲಿಗೆ ಬಂದರೆ ಒಂದು ಕಟ್ಟು ಕೊತ್ತಂಬರಿಗೂ ಮೊಬೈಲ್ ಹಿಡಿದು ನಿನ್ನ ಮುಖ ನೋಡಬೇಕು. ಅದು ಅವರಿಗೆ ಗೊತ್ತು, ಬಾಯಿಬಿಟ್ಟು ಹೇಳುತ್ತಿಲ್ಲ.

ನನ್ನನ್ನು ಐದು ವರ್ಷದ ಹಿಂದೆ ಬಸವನಗುಡಿಯಿಂದ ಕರೆದುಕೊಂಡು ಬಂದರು. ಮೊದಲ ಆರು ತಿಂಗಳು ಬಾಲ್ಕನಿಯಲ್ಲಿ ಕೂತು ಲಿಫ್ಟ್ ಸದ್ದು ಎಣಿಸುತ್ತಿದ್ದೆ. ಆಮೇಲೆ ಪಾರ್ಕಿನ ಬೆಂಚಲ್ಲಿ ಇಬ್ಬರು ಸಿಕ್ಕರು. ಒಬ್ಬರು ಧಾರವಾಡದವರು, ಒಬ್ಬರು ಕುಂದಾಪುರದವರು. ಮೂರೂ ಜನರ ಕನ್ನಡ ಬೇರೆ ಬೇರೆ, ನಗುವುದಕ್ಕೆ ಅದೇ ಸಾಕಾಯಿತು. ಈಗ ಸಂಜೆ ಐದಕ್ಕೆ ನಾನು ಮನೆಯಲ್ಲಿ ಸಿಗುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಒಮ್ಮೆಗೇ ಕೊಳ್ಳಬೇಡಿ. ಆ ಮೊದಲ ಹಂತದಲ್ಲೇ ಹನ್ನೊಂದು ತಿಂಗಳ ಕರಾರಿಗೆ ಒಂದು ಮನೆ ಬಾಡಿಗೆ ಹಿಡಿಯಿರಿ. ಇಂಥ ಕಡೆ ಖಾಲಿ ಮನೆ ಬೇಕಾದಷ್ಟು ಇರುತ್ತವೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ರೇಟು ಏರುತ್ತದೆ ಅಂತ ಹೆದರಿಸಿದರೆ ಏರಲಿ. ಅತ್ತೆಯನ್ನು ‘ಬನ್ನಿ’ ಅನ್ನಬೇಡ. ‘ನೋಡಿ ಹೇಳಿ, ನಿಮಗೆ ಆಗುತ್ತಾ’ ಅಂತ ಕೇಳು.

ನನ್ನ ಮಗ ಕೇಳಲಿಲ್ಲ. ಅದಕ್ಕೇ ಕಾಫಿಪುಡಿ ಮಾತ್ರ ಇವತ್ತಿಗೂ ನನಗೆ ಗಾಂಧಿಬಜಾರಿನದೇ ಆಗಬೇಕು. ಎರಡು ವಾರಕ್ಕೊಮ್ಮೆ ಅವನೇ ಹೋಗಿ ತರುತ್ತಾನೆ, ಟ್ರಾಫಿಕ್ಕಿನಲ್ಲಿ.

– ಅಜ್ಜಿ, ಕನಕಪುರ ರಸ್ತೆ