ಬೆಂಗಳೂರಿನ ರಾಮೆನ್ ಹೋಟೆಲ್‌ಗೆ ಅತ್ತೆಯನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಏನು ತರಿಸಲಿ?

ನಾಪೋಕ್ಲು ತೋಟದಮನೆ:

ನಮ್ಮ ಕೊಡಗಿನ ಹಬ್ಬ ಕೈಲ್ ಮುಹೂರ್ತ ಮುಗಿಸಿಕೊಂಡು ಮನೆಮಂದಿಯೆಲ್ಲ ಬೆಂಗಳೂರಿಗೆ ಹೊರಟಿದ್ದೇವೆ. ಮಗ, ಸೊಸೆ ಅಲ್ಲಿದ್ದಾರೆ. ಅವರ ಮನೆಯ ಹತ್ತಿರ ಜಪಾನಿನ ನೂಡಲ್ಸ್ ಸೂಪ್ ರಾಮೆನ್ ಮಾಡುವ ಚಿಕ್ಕ ಹೋಟೆಲ್ ಇದೆಯಂತೆ. ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲೇಬೇಕೆಂದು ಮಗ ಹಟ ಹಿಡಿದಿದ್ದಾನೆ. ಅವನ ಆಸೆ ನನಗೂ ಇಷ್ಟವೇ, ಆದರೆ ಕೆಲವು ಅನುಮಾನಗಳಿವೆ.

ಅತ್ತೆಗೆ ವಯಸ್ಸು ಎಂಬತ್ತರ ಹತ್ತಿರ. ಹಂದಿ ಮಾಂಸ ಇಷ್ಟ, ಆದರೆ ಅದಕ್ಕೆ ಕಪ್ಪಗೆ ಹುರಿದ ಮಸಾಲೆ, ಕರಿಮೆಣಸು, ಕಾಚಂಪುಳಿ ಎಂಬ ನಮ್ಮ ಕಡೆಯ ಕಪ್ಪು ಹುಳಿರಸ ಬೀಳಲೇಬೇಕು. ಮಗ ಮೊಬೈಲ್‌ನಲ್ಲಿ ತೋರಿಸಿದ ಚಿತ್ರದಲ್ಲಿ ಸಾರು ಹಾಲಿನಂತೆ ಬೆಳ್ಳಗಿತ್ತು. ಮಾಂಸ ಬೆಂದಿದೆಯೋ ಇಲ್ಲವೋ ಎಂದು ಅತ್ತೆ ಕೇಳಿದರು. ಕಾಚಂಪುಳಿಯ ಸಣ್ಣ ಸೀಸೆಯನ್ನು ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದ್ದಾರೆ. ಯಜಮಾನರಿಗೆ ರಕ್ತದೊತ್ತಡ, ಉಪ್ಪು ಕಡಿಮೆ ಮಾಡಲು ಡಾಕ್ಟರ್ ಹೇಳಿದ್ದಾರೆ. ಸೊಸೆ ಸೋಮವಾರಪೇಟೆ ಕಡೆಯವಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಯಾರಿಗೆ ಏನು ತರಿಸಬೇಕು? ಒಂದು ಬೌಲ್ ತರಿಸಿ ಇಬ್ಬರು ಹಂಚಿಕೊಳ್ಳಬಹುದೇ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕುಶಾಲನಗರದಿಂದ:

ಹೋಗುವ ದಾರಿಯಲ್ಲಿ ಬೈಲಕುಪ್ಪೆಯಲ್ಲಿ ಇಳಿದು ಒಂದು ಬೌಲ್ ಥುಕ್ಪಾ ಕುಡಿಸಿ ನೋಡಿ. 1961ರಿಂದ ಟಿಬೆಟಿನವರು ಅಲ್ಲಿ ನೆಲೆಸಿದ್ದಾರೆ, ಅವರ ಹೋಟೆಲ್‌ಗಳಲ್ಲಿ ಚೆನ್ನಾಗಿಯೇ ಸಿಗುತ್ತದೆ. ರಾಮೆನ್ ಬೇರೆ, ಥುಕ್ಪಾ ಬೇರೆ, ಒಪ್ಪುತ್ತೇನೆ. ಆದರೂ ನೂಡಲ್ಸ್ ಮುಳುಗಿಸಿದ ಬಿಸಿ ಸೂಪೇ ಒಂದು ಊಟ ಎನ್ನುವುದು ನಿಮ್ಮ ಅತ್ತೆಯವರಿಗೆ ಹಿಡಿಸುತ್ತದೆಯೇ ಎಂದು ಅಲ್ಲೇ ತಿಳಿದುಬಿಡುತ್ತದೆ.

ವಿರಾಜಪೇಟೆಯವನು:

ಅಕ್ಕ, ನಾನು ಕೆಲಸದ ನಿಮಿತ್ತ ಜಪಾನಿನ ಫುಕುವೊಕಾದಲ್ಲಿ ಇದ್ದವನು. ನಿಮ್ಮ ಅತ್ತೆ ನೋಡಿದ ಆ ಬಿಳಿ ಸಾರು ಅದೇ ಸೀಮೆಯದು, ಹೆಸರು ಟೊಂಕೊತ್ಸು. ಅದಕ್ಕೆ ಹಾಲು ಹಾಕುವುದಿಲ್ಲ. ಹಂದಿಯ ಮೂಳೆಗಳನ್ನು ದೊಡ್ಡ ಉರಿಯಲ್ಲಿ ಅರ್ಧ ದಿನ, ಕೆಲವು ಕಡೆ ಅದಕ್ಕೂ ಹೆಚ್ಚು ಹೊತ್ತು ಕುದಿಸುತ್ತಾರೆ. ಮೂಳೆಯ ಅಂಟು ಕರಗಿ, ಕೊಬ್ಬು ನೀರಿನೊಂದಿಗೆ ಒಂದಾಗಿ ಆ ಬಣ್ಣ ಬರುತ್ತದೆ. ಮೇಲೆ ಇಡುವ ಮಾಂಸಕ್ಕೆ ಚಾಶು ಎನ್ನುತ್ತಾರೆ. ಸಾಮಾನ್ಯವಾಗಿ ಹಂದಿಯ ಹೊಟ್ಟೆಯ ಭಾಗವನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಸೋಯಾ ಸಾಸ್‌ನಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ತುಟಿಯಲ್ಲೇ ಮುರಿಯುವಷ್ಟು ಮೆತ್ತಗಿರುತ್ತದೆ, ಹಲ್ಲಿನ ಚಿಂತೆ ಬೇಡ. ಈಚಿನ ಕೆಲವು ಅಂಗಡಿಗಳು ಕಡಿಮೆ ಬಿಸಿಯಲ್ಲಿ ಬೇಯಿಸಿ ನಸುಗೆಂಪಾಗಿಯೇ ಬಡಿಸುತ್ತವೆ. ಹಿರಿಯರಿಗೆ ಅದು ಬೇಡ, ಪೂರ್ತಿ ಬೆಂದದ್ದೇ ಕೊಡಿ ಎಂದು ಮೊದಲೇ ಕೇಳಿಕೊಳ್ಳಿ. ಮೊಟ್ಟೆಯ ಹಳದಿಯೂ ಅರೆಬೆಂದಿರುತ್ತದೆ, ಅವರಿಗೆ ಬೇಡವಾದರೆ ತೆಗೆಸಿ.

ಕಾಚಂಪುಳಿಯ ಸೀಸೆ ಮನೆಯಲ್ಲೇ ಇರಲಿ. ಇದನ್ನು ಒತ್ತಿ ಹೇಳುತ್ತೇನೆ. ಪಂದಿಕರಿಯಲ್ಲಿ ಹುಳಿ, ಖಾರ, ಮಾಂಸ ಕೂಡಿಯೇ ಬೇಯುತ್ತವೆ, ಮೂರನ್ನೂ ಬೇರೆ ಮಾಡಲು ಬರುವುದಿಲ್ಲ. ರಾಮೆನ್‌ನಲ್ಲಿ ಮೂಳೆಯ ರುಚಿಯೊಂದನ್ನೇ ಮುಂದಕ್ಕೆ ತರಲು ಅಡುಗೆಯವನು ಇಡೀ ದಿನ ಒಲೆಯ ಮುಂದೆ ನಿಂತಿರುತ್ತಾನೆ. ಮೊದಲ ಎರಡು ಮೂರು ಚಮಚ ಸಾರನ್ನು ಏನೂ ಬೆರೆಸದೆ ಕುಡಿಯಲಿ. ಸಪ್ಪೆ ಎನಿಸಿದರೆ ಫುಕುವೊಕಾದವರ ದಾರಿಯೇ ಇದೆ: ಮೇಜಿನ ಮೇಲೆ ಹುಳಿಯಲ್ಲಿ ನೆನೆಸಿದ ಕೆಂಪು ಶುಂಠಿ, ಖಾರ ಬೆರೆಸಿದ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಎಳ್ಳು, ಜಜ್ಜಿದ ಬೆಳ್ಳುಳ್ಳಿ ಇಟ್ಟಿರುತ್ತಾರೆ. ಬೆಂಗಳೂರಿನಲ್ಲಿ ಇವೆಲ್ಲ ಇರುತ್ತವೆ ಎನ್ನಲಾಗದು, ಕೆಂಪು ಶುಂಠಿ ಕೇಳಿ ನೋಡಿ. ಕೊಬ್ಬಿನ ಜಿಡ್ಡನ್ನು ಕತ್ತರಿಸುವ ಹುಳಿ ಅದರಲ್ಲಿದೆ, ಅತ್ತೆಯವರ ನಾಲಿಗೆಗೆ ಅದು ಹೊಂದುತ್ತದೆ ಎಂಬ ನಂಬಿಕೆ ನನಗಿದೆ. ಮೇಲೆ ಮೆಣಸಿನ ಪುಡಿ ಉದುರಿಸಿಕೊಂಡರೆ ತಪ್ಪೇನಿಲ್ಲ, ಜಪಾನಿನಲ್ಲೂ ಹಾಕಿಕೊಳ್ಳುತ್ತಾರೆ.

ಬೌಲ್‌ನ ಬದಿಯಲ್ಲಿ ಕಂದು ಬಣ್ಣದ ಪಟ್ಟಿಗಳಿದ್ದರೆ ಅತ್ತೆಗೆ ತೋರಿಸಿ. ಅದು ಮೆನ್ಮಾ, ಬಿದಿರಿನ ಕಳಲೆ. ನಾವು ಮಳೆಗಾಲದಲ್ಲಿ ಎಳೆಯ ಕಳಲೆ ಹೆಚ್ಚಿ, ನೀರು ಬದಲಿಸುತ್ತ ನೆನೆಸಿ ಬೈಂಬಳೆ ಕರಿ ಮಾಡುತ್ತೇವಲ್ಲ, ಅವರು ಅದನ್ನೇ ಬೇಯಿಸಿ, ಹುದುಗಿಸಿ, ಒಣಗಿಸಿ ಇಡುತ್ತಾರೆ. ಇದಕ್ಕೆ ಹುಳಿ ವಾಸನೆ ಕಡಿಮೆ, ಕಚ್ಚಿದರೆ ಗರಿಗರಿ.

ಯಜಮಾನರ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಬೌಲ್‌ನ ತಳದಲ್ಲಿ ಮೊದಲು ತಾರೆ ಎಂಬ ಗಟ್ಟಿ ರಸ ಹಾಕಿ, ಅದರ ಮೇಲೆ ಸಾರು ಸುರಿಯುತ್ತಾರೆ. ಉಪ್ಪಿನ ಹೆಚ್ಚಿನ ಪಾಲು ಆ ತಾರೆಯಲ್ಲಿದೆ. ಅದು ಉಪ್ಪಿನದಾದರೆ ಶಿಯೊ, ಸೋಯಾದ್ದಾದರೆ ಶೋಯು, ಹುದುಗಿಸಿದ ಸೋಯಾ ಹಿಟ್ಟಿನದಾದರೆ ಮಿಸೊ ರಾಮೆನ್. ಸಾರನ್ನು ಪೂರ್ತಿ ಕುಡಿದರೆ ಒಂದು ಬೌಲ್‌ನಲ್ಲಿ 5-6 ಗ್ರಾಂ ಉಪ್ಪು ಸುಲಭವಾಗಿ ಹೊಟ್ಟೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ. ಶಿಯೊ ಬಣ್ಣದಲ್ಲಿ ತಿಳಿಯಾಗಿ ಕಂಡರೂ ಉಪ್ಪಿನಲ್ಲಿ ಕಡಿಮೆಯೇನಲ್ಲ. ತಾರೆ ಕಡಿಮೆ ಹಾಕಲು ಹೇಳಿ, ನೂಡಲ್ಸ್ ತಿಂದು ಸಾರನ್ನು ಬಿಡಲಿ. ಜಪಾನಿನಲ್ಲೂ ಬಹಳ ಜನ ಹಾಗೆಯೇ ಬಿಡುತ್ತಾರೆ, ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಹಂಚಿಕೊಳ್ಳುವುದು ಬೇಡ, ಒಬ್ಬರಿಗೆ ಒಂದು ಬೌಲ್ ಎನ್ನುವುದೇ ಅಲ್ಲಿನ ಪದ್ಧತಿ. ಅತ್ತೆಗೆ ಚಿಕ್ಕ ಬೌಲ್ ಸಿಗುತ್ತದೆಯೇ ಕೇಳಿ. ಎಲ್ಲರೂ ಕೂಡಿ ತಿನ್ನಲು ಒಂದು ತಟ್ಟೆ ಗ್ಯೋಜಾ ತರಿಸಿ, ಒಂದು ಬದಿ ಗರಿಗರಿಯಾಗಿ ಹುರಿದ ಕಡುಬು ಅದು. ನಿಮ್ಮ ಮಗನಿಗೆ ಹಸಿವು ಜಾಸ್ತಿಯಾದರೆ ಕಾಯೆದಾಮ ಕೇಳಲಿ: ಬೌಲ್‌ನಲ್ಲಿ ಸಾರು ಉಳಿಸಿಕೊಂಡರೆ ಇನ್ನೊಂದು ಹಿಡಿ ಬೇಯಿಸಿದ ನೂಡಲ್ಸ್ ತಂದು ಹಾಕುತ್ತಾರೆ. ಫುಕುವೊಕಾದ ನಾಗಹಾಮ ಮೀನು ಮಾರುಕಟ್ಟೆಯ ಕೆಲಸಗಾರರ ಅವಸರಕ್ಕೆಂದು ಬೆಳೆದ ಏರ್ಪಾಟು ಇದು. ನೂಡಲ್ಸ್ ಸಣ್ಣಗಿದ್ದರೆ ಬೇಗ ಬೇಯುತ್ತದೆ, ಆದರೆ ಅಷ್ಟೇ ಬೇಗ ಮೆತ್ತಗಾಗುತ್ತದೆ, ಆದ್ದರಿಂದ ಒಮ್ಮೆಗೆ ಸ್ವಲ್ಪವೇ ಬಡಿಸಿ ಮತ್ತೆ ಹಾಕುವುದು.

ಅತಿ ಮುಖ್ಯವಾದದ್ದು ಸಮಯ. ನಮ್ಮ ಅಕ್ಕಿ ಶ್ಯಾವಿಗೆ ನೂಲ್‌ಪುಟ್ಟು ಕೋಳಿಕರಿಗಾಗಿ ಕಾಯುತ್ತದೆ, ರಾಮೆನ್ ಯಾರಿಗಾಗಿಯೂ ಕಾಯುವುದಿಲ್ಲ. ಅದರ ಗೋಧಿ ಹಿಟ್ಟನ್ನು ಕ್ಷಾರದ ನೀರಿನಲ್ಲಿ ನಾದುತ್ತಾರೆ, ಹಳದಿ ಛಾಯೆ, ಪುಟಿಯುವ ಗುಣ ಎರಡೂ ಅದರಿಂದಲೇ. ಬಿಸಿ ಸಾರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಆ ಗುಣ ಹೋಗುತ್ತದೆ. ಬೌಲ್ ಬಂದವರು ಬಂದಂತೆ ತಿನ್ನುವುದು ಸರಿ. ಆದರೆ ನಮ್ಮ ಮನೆಗಳಲ್ಲಿ ಹಿರಿಯರು ಕೈ ಹಾಕದೆ ಉಳಿದವರು ಶುರು ಮಾಡುವುದಿಲ್ಲ. ಅದಕ್ಕೆ ಅತ್ತೆಯ ಬೌಲ್ ಮೊದಲು ಬರಲಿ ಎಂದು ಹೇಳಿಬಿಡಿ. ಚಾಪ್‌ಸ್ಟಿಕ್ ಬರದಿದ್ದರೆ ಫೋರ್ಕ್ ಕೇಳಿ, ಸಂಕೋಚ ಬೇಡ. ನೂಡಲ್ಸನ್ನು ಸದ್ದು ಮಾಡಿ ಹೀರಬಹುದು. ಹಾಗೆ ಹೀರಿದರೆ ಬಿಸಿ ಕಡಿಮೆಯಾಗುತ್ತದೆ, ಸಾರಿನ ಪರಿಮಳವೂ ಮೂಗಿಗೆ ಬರುತ್ತದೆ.

ಸೋಮವಾರಪೇಟೆ ಹುಡುಗಿ:

ಸೊಸೆಯ ವಿಷಯ ನಾನು ಹೇಳುತ್ತೇನೆ, ನಾನೂ ಬೆಂಗಳೂರಿನಲ್ಲಿರುವ ಸಸ್ಯಾಹಾರಿ. ಮೆನುವಿನಲ್ಲಿ ತರಕಾರಿ ರಾಮೆನ್ ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಮೇಲೆ ತರಕಾರಿ, ಕೆಳಗೆ ಕೋಳಿಯ ಸಾರು ಇರಬಹುದು. ಒಣಮೀನಿನ ಚಕ್ಕೆಗಳನ್ನು ನೆನೆಸಿದ ನೀರೂ ಜಪಾನಿನ ಅಡುಗೆಯಲ್ಲಿ ಬಹಳ ಸಾಮಾನ್ಯ, ತಾರೆಯಲ್ಲೂ ಅದು ಸೇರಿರುತ್ತದೆ. ಸಾರು ಕೊಂಬು ಎಂಬ ಕಡಲಕಳೆ ಮತ್ತು ಒಣಗಿದ ಶಿಟಾಕೆ ಅಣಬೆಯದೇ, ಮೀನು ಏನೂ ಇಲ್ಲವೇ ಎಂದು ನೇರವಾಗಿ ಕೇಳಿ. ನೂಡಲ್ಸ್‌ಗೆ ಕೆಲವರು ಮೊಟ್ಟೆ ಸೇರಿಸುತ್ತಾರೆ, ಅದನ್ನೂ ಕೇಳಬೇಕು. ಗುಲಾಬಿ ಸುರುಳಿಯ ಬಿಳಿ ಬಿಲ್ಲೆ ಚೆಂದ ಕಾಣುತ್ತದೆ, ಅದು ಮೀನಿನ ಹಿಟ್ಟಿನದು. ಸೋಯಾ ಹಾಲು, ಎಳ್ಳಿನ ಸಾರು ಇರುವ ಅಂಗಡಿಯಾದರೆ ಅವಳಿಗೆ ತುಂಬಾ ಒಳ್ಳೆಯ ಊಟ ಸಿಗುತ್ತದೆ.

ನಾಪೋಕ್ಲು ತೋಟದಮನೆ:

ಮೂವರಿಗೂ ಮನಸಾರೆ ಧನ್ಯವಾದ. ಮಗನಿಂದ ಇಂದೇ ಫೋನ್ ಮಾಡಿಸಿ ಮೀನು, ಮೊಟ್ಟೆಯ ವಿಷಯ ಕೇಳಿಸುತ್ತೇನೆ. ಅತ್ತೆಗೆ ಟೊಂಕೊತ್ಸು, ಕೆಂಪು ಶುಂಠಿ. ಅದು ಕಳಲೆ ಎಂದು ತಿಳಿದ ಮೇಲೆ ಅವರಿಗೇ ಹೋಗುವ ಆತುರ ಬಂದಿದೆ. ರಾತ್ರಿ ಹೋಗುವುದೋ, ಮಧ್ಯಾಹ್ನವೋ?

ವಿರಾಜಪೇಟೆಯವನು:

ಮಧ್ಯಾಹ್ನ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಅಕ್ಕ, ಗದ್ದಲ ಇರುವುದಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಹೇಳಲು ಅವರಿಗೂ ಬಿಡುವಿರುತ್ತದೆ. ಇಂಥ ಹೋಟೆಲ್‌ಗಳಲ್ಲಿ ಅಡುಗೆಮನೆಯ ಮುಂದೆ ಎತ್ತರದ ಸ್ಟೂಲ್‌ಗಳಿರುತ್ತವೆ. ಫೋನ್ ಮಾಡುವಾಗ ಅತ್ತೆಗೆ ಒರಗಿ ಕೂರುವ ಕುರ್ಚಿ ಇರುವ ಮೇಜನ್ನೇ ಕಾಯ್ದಿರಿಸಲು ಹೇಳಿ.