ಹೊಟ್ಟೆ ಆಪರೇಷನ್‌ನಲ್ಲಿ ಅಲ್ಟ್ರಾಸೌಂಡ್: ಸರ್ಜನ್ ಅವರನ್ನು ಕೇಳಿ

ಅಡ್ಮಿನ್: ರಾಯಚೂರಿನ ಸರ್ಜನ್ ಸರ್ ಇವತ್ತು ರಾತ್ರಿ ಗ್ರೂಪಿನಲ್ಲಿ ಇರುತ್ತಾರೆ. ಹೊಟ್ಟೆ, ಕರುಳು, ಪಿತ್ತಕೋಶದ ಆಪರೇಷನ್‌ಗೆ ಅಲ್ಟ್ರಾಸೌಂಡ್ ಹೇಗೆ ಬಳಸುತ್ತಾರೆ, ಅದನ್ನು ಕೇಳಿ. ರಿಪೋರ್ಟ್ ಹಾಕುವಾಗ ಹೆಸರು ಮುಚ್ಚಿ. ಫಾರ್ವರ್ಡ್ ಮೆಸೇಜ್ ಬೇಡ.

ಮಾನ್ವಿ ಅಕ್ಕ: ನಮಸ್ಕಾರ ಸರ್. ನಮ್ಮ ಅವ್ವಗೆ ಪಿತ್ತಕೋಶದಲ್ಲಿ 8 ಎಂ.ಎಂ. ಕಲ್ಲು ಇದೆ. ಊಟ ಆದ ಮೇಲೆ ಬಲಗಡೆ ನೋವು, ಬೆನ್ನಿಗೂ ಹೋಗುತ್ತದೆ. ಆಪರೇಷನ್ ಬೇಕೇ ಬೇಕಾ?

ಸರ್ಜನ್: ಈ ಥರ ನೋವು ಬರುತ್ತಿದ್ದರೆ ಮಾಡಿಸುವುದೇ ಒಳ್ಳೆಯದಮ್ಮ, ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ, ಆಗುತ್ತದೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸುಮ್ನೆ ಕಂಡ, ನೋವೇ ಇಲ್ಲದ ಕಲ್ಲಿಗೆ ಹೆಚ್ಚಿನವರಿಗೆ ಬೇಡ. ಕಣ್ಣು ಹಳದಿಯಾದರೆ, ಚಳಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಗಂಗಾವತಿ ರೈಸ್ ಮಿಲ್: ಅಕ್ಕಾರೆ, ಆಪರೇಷನ್ ಯಾಕ್ರೀ? ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಹಾಕಿ ಕುಡಿದರೆ ಬೆಳಿಗ್ಗೆ ಹಸಿರು ಕಲ್ಲು ತಾನೇ ಉದುರುತ್ತವೆ. ನನಗೆ ಹೀಗಂತ ಫಾರ್ವರ್ಡ್ ಮೆಸೇಜ್ ಬಂದಿದೆ.

ಸರ್ಜನ್: ಅಡ್ಮಿನ್ ಬೇಡ ಅಂದದ್ದು ಇದನ್ನೇ. ಆ ಹಸಿರು ಗುಂಡುಗಳು ಕಲ್ಲಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಾಗಿ ಗಟ್ಟಿಯಾದದ್ದು, ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅಷ್ಟು ಎಣ್ಣೆ ಒಳಗೆ ಹೋದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಳ್ಳಬಹುದು. ಯಾರೂ ಕುಡಿಯಬೇಡಿ.

ಲಿಂಗಸುಗೂರು ಮೇಷ್ಟ್ರು: ಸರ್, ಶಬ್ದದಿಂದಲೇ ಕೊಯ್ಯುವ ಯಂತ್ರ ಇದೆಯಂತೆ, ನಿಜವಾ?

ಸರ್ಜನ್: ಇದೆ. ಹಾರ್ಮೋನಿಕ್ ಅನ್ನುತ್ತೇವೆ. ಅದರ ಬ್ಲೇಡ್ ಸೆಕೆಂಡಿಗೆ ಸುಮಾರು 55,000 ಸಲ ಅದುರುತ್ತದೆ, ಕೊಯ್ಯುವ ಹೊತ್ತಿಗೇ ಸಣ್ಣ ರಕ್ತನಾಳವನ್ನು ಮುಚ್ಚುತ್ತದೆ. ಆದರೆ ಅದಕ್ಕೆ ಕಣ್ಣಿಲ್ಲ, ಸ್ಕ್ಯಾನ್ ಮಾಡುವ ಅಲ್ಟ್ರಾಸೌಂಡ್ ಬೇರೆ.

ಸಿರುಗುಪ್ಪ: ಅಣ್ಣನ ಲಿವರ್‌ನಲ್ಲಿ ಕೀವು ಇದೆ, ಸ್ಕ್ಯಾನ್ ನೋಡುತ್ತಾ ಪೈಪ್ ಹಾಕುತ್ತೇವೆ ಅಂದಿದ್ದಾರೆ. ಹೊಟ್ಟೆ ಕೊಯ್ಯುವುದಿಲ್ಲವಾ?

ಸರ್ಜನ್: ಇಲ್ಲ. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿ ಎಲ್ಲಿ ಹೋಗುತ್ತಿದೆ ಅಂತ ಪರದೆಯಲ್ಲಿ ನೋಡುತ್ತಲೇ ಸಣ್ಣ ಪೈಪ್ ಇಡುತ್ತಾರೆ. ಒಪ್ಪಿಕೊಳ್ಳಿ. ಕುಡಿತ ಇದ್ದರೆ ಬಿಡಿಸಿ.

ಕೊಪ್ಪಳ: ಸರ್, ಸ್ಕ್ಯಾನಿಂಗ್‌ಗೆ ಎಷ್ಟಾಗುತ್ತದೆ?

ಸಿಂಧನೂರು: ಸರ್ ಅರ್ಜೆಂಟ್. ಮಗನಿಗೆ 8 ತಿಂಗಳು. ಬೆಳಿಗ್ಗೆಯಿಂದ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಮಡಚಿ ಕಿರುಚಿ ಅಳುತ್ತಾನೆ, ಆಮೇಲೆ ಸುಮ್ಮನಾಗಿ ಸುಸ್ತಾಗಿ ಮಲಗುತ್ತಾನೆ. ಎರಡು ಸಲ ಹಸಿರು ವಾಂತಿ. ಈಗ ಕಕ್ಕದಲ್ಲಿ ಕೆಂಪಗೆ ಲೋಳೆ. ಹಲ್ಲು ಬರುತ್ತಿರಬೇಕು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಕುಷ್ಟಗಿ: ದೃಷ್ಟಿ ಆಗಿದೆ ತಂಗಿ. ಹೊಕ್ಕಳಿಗೆ ಇಂಗು ಹಚ್ಚು, ಒಂದು ಚಮಚ ಹರಳೆಣ್ಣೆ ಕುಡಿಸು, ಹೊಟ್ಟೆ ಸಾಫ್ ಆಗುತ್ತದೆ.

ಸರ್ಜನ್: ಹರಳೆಣ್ಣೆ ಬೇಡ. ಬಾಯಿಗೆ ಏನೂ ಹಾಕಬೇಡಮ್ಮ. ಇದು ಹಲ್ಲಲ್ಲ. ಬಿಟ್ಟು ಬಿಟ್ಟು ಅಳು, ಹಸಿರು ವಾಂತಿ, ಕೆಂಪು ಲೋಳೆ, ಈ ವಯಸ್ಸು, ಇಷ್ಟೂ ಒಟ್ಟಿಗೆ ಇದ್ದರೆ ಕರುಳೊಳಗೆ ಕರುಳು ತೂರಿಕೊಂಡಿದೆ ಅಂತಲೇ ಮೊದಲು ನೋಡಬೇಕು. ಅಂಗಿ ಬಿಚ್ಚುವಾಗ ತೋಳು ಒಳಮುಖವಾಗಿ ಮಡಚಿಕೊಳ್ಳುತ್ತದಲ್ಲ, ಹಾಗೆ. ಒಳಗೆ ಸಿಕ್ಕಿದ ಭಾಗಕ್ಕೆ ರಕ್ತ ನಿಂತರೆ ಅದು ಕೊಳೆಯುತ್ತದೆ. ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟರೆ ಉಂಗುರದೊಳಗೆ ಉಂಗುರ ಕಾಣುತ್ತದೆ, ಅನುಭವ ಇದ್ದವರಿಗೆ ಗುರುತಿಸುವುದು ಕಷ್ಟವಲ್ಲ. ಇನ್ನೂ ಹೊತ್ತು ಮೀರಿಲ್ಲದಿದ್ದರೆ ಕೊಯ್ಯುವುದೇ ಬೇಡ. ಮೊದಲು ಡ್ರಿಪ್ ಹಾಕಿ ಮಗುವನ್ನು ಸುಧಾರಿಸುತ್ತಾರೆ. ಆಮೇಲೆ ಗುದದ್ವಾರದಿಂದ ಟ್ಯೂಬ್ ಇಟ್ಟು, ಬಾಟಲಿಯನ್ನು ಮೂರಡಿ ಎತ್ತರಕ್ಕೆ ಹಿಡಿದು, ಉಗುರು ಬೆಚ್ಚಗಿನ ಸಲೈನ್ ಬಿಡುತ್ತಾರೆ. ನೀರಿನ ಒತ್ತಡಕ್ಕೆ ಸಿಕ್ಕಿದ ಕರುಳು ಹಿಂದೆ ಸರಿಯುವುದನ್ನು ಸ್ಕ್ಯಾನ್ ಪರದೆಯಲ್ಲಿ ನೋಡುತ್ತಲೇ ಇರುತ್ತಾರೆ. ದೊಡ್ಡ ಕರುಳಿನಿಂದ ಸಣ್ಣ ಕರುಳಿಗೆ ನೀರು ನುಗ್ಗಿತು ಅಂದರೆ ಬಿಡಿಸಿಕೊಂಡಿತು ಅಂತ ಅರ್ಥ. ಎಕ್ಸ್‌ರೇ ಕಿರಣ ಮಗುವಿಗೆ ಬೀಳುವುದಿಲ್ಲ. ಬೇಗ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಇಷ್ಟರಲ್ಲೇ ಸರಿಹೋಗುತ್ತದೆ. ಕರುಳು ತೂತಾಗಿದ್ದರೆ, ಹೊಟ್ಟೆ ಗಟ್ಟಿಯಾಗಿದ್ದರೆ ಇದನ್ನು ಮಾಡುವಂತಿಲ್ಲ, ಆಪರೇಷನ್ನೇ ದಾರಿ. ಅದಕ್ಕೇ ಸರ್ಜನ್ ಇರುವ ಕಡೆಗೇ ಹೋಗಬೇಕು. 108ಕ್ಕೆ ಫೋನ್ ಮಾಡಿ ರಾಯಚೂರಿಗೋ ಬಳ್ಳಾರಿಗೋ ಈಗಲೇ ಹೊರಡಿ. ನನ್ನ ನಂಬರ್ ಅಡ್ಮಿನ್ ಕೊಡುತ್ತಾರೆ.

ಕುಷ್ಟಗಿ: ನಾವು ನಾಲ್ಕು ಮಕ್ಕಳನ್ನು ಹರಳೆಣ್ಣೆಯಲ್ಲೇ ಬೆಳೆಸಿದ್ದೇವೆ. ಇವರಿಗೆ ಎಲ್ಲದಕ್ಕೂ ಸ್ಕ್ಯಾನ್ ಬೇಕು, ಕಮಿಷನ್ ಇರುತ್ತದಲ್ಲ.

ಮಾನ್ವಿ ಅಕ್ಕ: ಅಲ್ರೀ ಯಜಮಾನ್ರೇ, ಕೂಸಿಗೆ ರಕ್ತ ಹೋಗುತ್ತಿದೆ, ನೀವು ಕಮಿಷನ್ ಲೆಕ್ಕ ಹಾಕುತ್ತೀರಲ್ಲ?

ಗಂಗಾವತಿ ರೈಸ್ ಮಿಲ್: ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನನಗೂ ಒಂದು ಕಡೆ ಒಂದೇ ವಾರದಲ್ಲಿ ಎರಡು ಸಲ ಸ್ಕ್ಯಾನ್ ಮಾಡಿಸಿದರು.

ಮೇಷ್ಟ್ರು: ನಿಮ್ಮ ಸ್ಕ್ಯಾನ್ ಬೇರೆ, ಮಗುವಿನ ಜೀವ ಬೇರೆ. ಎರಡನ್ನೂ ಸೇರಿಸಬೇಡಿ.

ಗಂಗಾವತಿ ರೈಸ್ ಮಿಲ್: ಮೇಷ್ಟ್ರೇ, ನೀವು ಶಾಲೆಯಲ್ಲಿ ಪಾಠ ಮಾಡಿ, ಇಲ್ಲಿ ಬೇಡ.

ಕೊಪ್ಪಳ: ಸರ್ ನನ್ನ ಪ್ರಶ್ನೆ? ಗ್ಯಾಸ್‌ಗೆ ಒಂದು ಮಾತ್ರೆಯೂ ಹೇಳಿ.

ಬಳ್ಳಾರಿ: ಸರ್, ನಮ್ಮ ತಂದೆಗೆ ಪಿತ್ತಕೋಶದ ಕಲ್ಲು, ಹುರುಳಿ ಕಟ್ಟು ಕುಡಿದರೆ ಕರಗುತ್ತದಾ?

ಸರ್ಜನ್: ಇಲ್ಲ. ಮೇಲೆ ಮಾನ್ವಿಯವರಿಗೆ ಬರೆದದ್ದನ್ನು ಓದಿ.

ಬಳ್ಳಾರಿ: ಬಾಳೆದಿಂಡಿನ ರಸ?

ಸರ್ಜನ್: ಇಲ್ಲ ಅಂದೆನಲ್ಲ. ಸಿಂಧನೂರಿನವರು ಹೊರಟರಾ? ಯಾರಾದರೂ ಫೋನ್ ಮಾಡಿ ಕೇಳಿ.

ಅಡ್ಮಿನ್: ಹೊರಟಿದ್ದಾರೆ ಸರ್. ಮಗುವಿಗೆ ಏನೂ ಕುಡಿಸಿಲ್ಲವಂತೆ. ಕುಷ್ಟಗಿಯವರೇ, ಆ ಹರಳೆಣ್ಣೆ ಮೆಸೇಜ್ ಅಳಿಸಿ, ಇಲ್ಲದಿದ್ದರೆ ನಾನೇ ಅಳಿಸುತ್ತೇನೆ.

ಕುಷ್ಟಗಿ: ಹಿರಿಯರ ಮಾತಿಗೆ ಬೆಲೆ ಇಲ್ಲದ ಗ್ರೂಪ್ ನಮಗೂ ಬೇಡ.

ಸಿಂಧನೂರು: ಸರ್, ಸ್ಕ್ಯಾನ್‌ನಲ್ಲಿ ನೀವು ಹೇಳಿದ್ದೇ ಬಂತು. ನೀರು ಬಿಟ್ಟರು, ಎರಡನೇ ಸಲಕ್ಕೆ ಬಿಡಿಸಿಕೊಂಡಿತು. ಕೊಯ್ಯಲಿಲ್ಲ. ಈಗ ಮಲಗಿದ್ದಾನೆ. ಬೆಳಿಗ್ಗೆ ಮನೆಗೆ ಹೋಗಬಹುದಾ?

ಸರ್ಜನ್: ತುಂಬಾ ಸಂತೋಷವಾಯಿತು ತಾಯಿ. ಮನೆಗೆ ಅವಸರ ಮಾಡಬೇಡಿ, ಅಲ್ಲಿಯ ಡಾಕ್ಟರ್ ಬಿಟ್ಟ ಮೇಲೆಯೇ ಹೊರಡಿ. ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಹಾಗೇ ಆಗಬಹುದು, ಮೊದಲ ಎರಡು ದಿನ ಜಾಸ್ತಿ ಗಮನ ಬೇಕು. ಮತ್ತೆ ಅದೇ ಥರ ಅತ್ತರೆ, ವಾಂತಿ ಆದರೆ, ಇಲ್ಲಿ ಬರೆದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.