ಮಳೆಗಾಲದ ಅಪ್‌ಡೇಟ್: ನಮ್ಮ ಸಹಪಾಠಿಗಳ ಗುಂಪಿನಲ್ಲಿ ನಡೆದ ಚರ್ಚೆ

ಭದ್ರಾವತಿಯ ಗೌಡರು: (ಫಾರ್ವರ್ಡ್ ಮಾಡಿದ್ದು) "ಜೆಂಟೂ ಲಿನಕ್ಸ್ ಬಳಸುವವರು ಸಿದ್ಧ ಬೈನರಿಯನ್ನು (ಬೇರೆಯವರು ಮೊದಲೇ ಕಟ್ಟಿಟ್ಟ ಪ್ರೋಗ್ರಾಮನ್ನು) ನಂಬಬೇಡಿ. ಪ್ರತಿಯೊಂದು ಪ್ಯಾಕೇಜನ್ನೂ ಸೋರ್ಸ್‌ನಿಂದಲೇ (ಮೂಲ ಕೋಡಿನಿಂದಲೇ) ನಿಮ್ಮ ಯಂತ್ರದಲ್ಲಿ ಕಂಪೈಲ್ ಮಾಡಿ ಕಟ್ಟಿಕೊಳ್ಳಿ." ಗೆಳೆಯರೇ, ಇದು ಎಲ್ಲರೂ ಪಾಲಿಸಬೇಕಾದ ಮಾತು.

ತೀರ್ಥಹಳ್ಳಿಯ ಹೆಗಡೆ: ಗೌಡರೇ, ಈ ಮಾತನ್ನು ನಾನು ಒಪ್ಪುವುದಿಲ್ಲ. ಕಳೆದ ಆಷಾಢದಲ್ಲಿ ಹಳೆಯ ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸನ್ನು ಕಂಪೈಲಿಗೆ ಹಾಕಿ ಮಲಗಿದ್ದೆ. ಬೆಳಗಿನ ಜಾವ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಯಿತು, ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು, ಕರೆಂಟು ಬಂದದ್ದು ಮೂರನೆಯ ದಿನ. ನಿಂತ ಕೆಲಸ ಮುಂದುವರಿಸುವ 'ಎಮರ್ಜ್ --ರಿಸ್ಯೂಮ್' ಆಜ್ಞೆ ಕೊಟ್ಟರೆ ಪಟ್ಟಿಯೇನೋ ಮುಂದುವರಿಯಿತು, ಆದರೆ ಅರ್ಧಕ್ಕೆ ನಿಂತಿದ್ದ ಫೈರ್‌ಫಾಕ್ಸ್ ಮತ್ತೆ ಮೊದಲಿನಿಂದಲೇ ಶುರುವಾಯಿತು. ಅಷ್ಟೂ ದಿನ ಭದ್ರತಾ ಲೋಪಗಳಿದ್ದ ಹಳೆಯ ಬ್ರೌಸರಿನಲ್ಲೇ ಮನೆಯವರು ಬ್ಯಾಂಕಿನ ವ್ಯವಹಾರ ಮಾಡಿದರು. ನನ್ನ ಭಯವಿರುವುದು ಅಲ್ಲಿ.

ಗೌಡರು: ಆದರೆ ಬೇರೆಯವರು ಕಟ್ಟಿಕೊಟ್ಟದ್ದನ್ನು ಹೇಗೆ ನಂಬುವುದು? 2024ರ ಮಾರ್ಚ್‌ನಲ್ಲಿ ಫೈಲು ಕುಗ್ಗಿಸುವ ಎಕ್ಸ್‌ಜೆಡ್‌ನಲ್ಲಿ ಕಳ್ಳ ಹಿಂಬಾಗಿಲು ಸಿಕ್ಕಿದ್ದು ನೆನಪಿಲ್ಲವೇ? ಅದು ಬೇರೆ ಲಿನಕ್ಸ್‌ಗಳ ಸಿದ್ಧ ಪ್ಯಾಕೇಜುಗಳಾದ ಡೆಬ್ ಮತ್ತು ಆರ್‌ಪಿಎಂ ಪ್ಯಾಕೇಜು ಕಟ್ಟುವಾಗ ಮಾತ್ರ ಒಳಸೇರುವಂತೆ ಇತ್ತು.

ಹೆಗಡೆ: ನಿಜ, ಆದರೆ ಆ ಕಳ್ಳ ಕೋಡ್ ಅಡಗಿದ್ದದ್ದು 5.6.0 ಮತ್ತು 5.6.1 ಆವೃತ್ತಿಗಳ ಸೋರ್ಸ್ ಟಾರ್‌ಬಾಲಿನಲ್ಲೇ (ಸೋರ್ಸ್ ಫೈಲುಗಳ ಕಟ್ಟಿನಲ್ಲೇ). ನೀವು ಕಂಪೈಲ್ ಮಾಡುವ ಲಕ್ಷಾಂತರ ಸಾಲುಗಳನ್ನು ನೀವು ಓದಿರುವುದಿಲ್ಲ, ನಾನೂ ಓದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ನಾವು ಮನೆಯಲ್ಲೇ ಕಲಸುತ್ತೇವೆ, ಹಾಗೆಂದು ಮೈಲುತುತ್ತವನ್ನೂ ಮನೆಯಲ್ಲೇ ತಯಾರಿಸುತ್ತೇವೆಯೇ? ಜೆಂಟೂದವರೇ 2023ರ ಡಿಸೆಂಬರ್ 29ರಂದು ಎಎಂಡಿ64 ಮತ್ತು ಆರ್ಮ್64 ಪ್ರೊಸೆಸರಿನ ಯಂತ್ರಗಳಿಗೆ ಸಿದ್ಧ ಬೈನರಿಗಳನ್ನು ಘೋಷಿಸಿದರು, ಅವುಗಳಲ್ಲಿ ಲಿಬ್ರೆ ಆಫೀಸ್‌ನಂಥ ಭಾರದ ಪ್ಯಾಕೇಜುಗಳೂ ಇವೆ. ಪ್ಯಾಕೇಜು ಕಟ್ಟುವ ಸೂಚನೆಗಳನ್ನು ಯಾರಿಂದ ಪಡೆಯುತ್ತೀರೋ ಆ ಜೆಂಟೂದವರದೇ ಸಹಿ ಇವುಗಳ ಮೇಲೂ ಇರುತ್ತದೆ. ಸೆಟ್ಟಿಂಗಿನಲ್ಲಿ 'ಬಿನ್‌ಪಿಕೆಜಿ-ರಿಕ್ವೆಸ್ಟ್-ಸಿಗ್ನೇಚರ್' ಹಾಕಿದರೆ ಸಹಿಯಿಲ್ಲದ ಪ್ಯಾಕೇಜು ಒಳಗೇ ಬರುವುದಿಲ್ಲ.

ಸಾಗರದ ಗೆಳತಿ: ನಾನು ಯೂಸ್ ಫ್ಲ್ಯಾಗ್‌ಗಳನ್ನು (ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಇರಬೇಕೆಂಬ ಆಯ್ಕೆಗಳನ್ನು) ಬದಲಿಸಿಕೊಂಡಿದ್ದೇನೆ. ಆಗ ಬೈನರಿ ಹೊಂದುತ್ತದೆಯೇ?

ಹೆಗಡೆ: ಹೊಂದದಿದ್ದರೆ ಜೆಂಟೂದ ಪ್ಯಾಕೇಜು ನಿರ್ವಾಹಕ ಪೋರ್ಟೇಜ್ ಅದನ್ನು ಬಿಟ್ಟು ಸೋರ್ಸ್‌ನಿಂದಲೇ ಕಟ್ಟುತ್ತದೆ. ಆದ್ದರಿಂದ ಮೊದಲು, ಏನನ್ನೂ ಹಾಕದೆ ಪಟ್ಟಿ ಮಾತ್ರ ತೋರಿಸುವ 'ಎಮರ್ಜ್ -ಪಿ' ಜೊತೆ '--ಗೆಟ್‌ಬಿನ್‌ಪಿಕೆಜಿ' ಕೊಟ್ಟು ಪಟ್ಟಿ ನೋಡಿ. 'ಬೈನರಿ' ಎಂದಿರುವ ಸಾಲುಗಳು ಇಳಿದು ಬರುತ್ತವೆ, 'ಇಬಿಲ್ಡ್' ಎಂದಿರುವುವು ಮಾತ್ರ ಕಂಪೈಲ್ ಆಗುತ್ತವೆ. ಯಾವುದೋ ಕಾಲದಲ್ಲಿ ಹಾಕಿ ಮರೆತ ಒಂದು ಫ್ಲ್ಯಾಗಿನಿಂದಲೇ ದೊಡ್ಡ ಪ್ಯಾಕೇಜು ಇಬಿಲ್ಡ್ ಸಾಲಿನಲ್ಲಿ ಸಿಕ್ಕಿಬಿದ್ದಿರುವುದುಂಟು. ರಸ್ಟ್, ಫೈರ್‌ಫಾಕ್ಸ್‌ಗಳಿಗೆ ಕೊನೆಯಲ್ಲಿ 'ಬಿನ್' ಇರುವ ಪ್ಯಾಕೇಜುಗಳು ಪ್ರತ್ಯೇಕವಾಗಿಯೂ ಇವೆ.

ಗೆಳತಿ: ಉಳಿದ ಇಬಿಲ್ಡ್‌ಗಳೇ ಯಂತ್ರವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿಬಿಡುತ್ತವೆ.

ಹೆಗಡೆ: ಒಮ್ಮೆಗೇ ಎಷ್ಟು ಕಂಪೈಲ್ ಜಾಬುಗಳು ಓಡಬೇಕೆಂದು ಹೇಳುವ ಮೇಕ್‌ಆಪ್ಟ್ಸ್‌ನಲ್ಲಿ ಒಂದು ಜಾಬಿಗೆ 2 ಜಿಬಿ ರ‍್ಯಾಮ್ ಲೆಕ್ಕ ಹಾಕಿ. 8 ಜಿಬಿ ಇದ್ದರೆ ನಾಲ್ಕಕ್ಕಿಂತ ಹೆಚ್ಚು ಕೊಡಬೇಡಿ, ಕೊಟ್ಟರೆ ಸ್ವ್ಯಾಪಿಗೆ (ರ‍್ಯಾಮ್ ಸಾಲದೆ ಡಿಸ್ಕಿಗೆ) ಬಿದ್ದು ಇನ್ನೂ ನಿಧಾನವಾಗುತ್ತದೆ.

ಗೌಡರು: ಲಿನಕ್ಸಿನ ತಿರುಳಾದ ಕರ್ನಲನ್ನು ಮಾತ್ರ ನಾನೇ ಕಟ್ಟಿಕೊಳ್ಳುತ್ತೇನೆ, ಅದರಲ್ಲಿ ನನ್ನ ಆಯ್ಕೆಗಳಿವೆ. ಲಿಬ್ರೆ ಆಫೀಸನ್ನು ಇಂದು ರಾತ್ರಿ ಬೈನರಿಯಾಗಿಯೇ ಇಳಿಸಿ ನೋಡುತ್ತೇನೆ.

ಹೆಗಡೆ: ಕರ್ನಲಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಮೊದಲು 'ಗೆಟುಟೊ' ಓಡಿಸಿ ಸಹಿ ಪರೀಕ್ಷಿಸುವ ಕೀಲಿಗಳನ್ನು ಸಿದ್ಧಪಡಿಸಿಕೊಳ್ಳಿ, ಮತ್ತು ಮೇಲಿನ ಫಾರ್ವರ್ಡನ್ನು ದಯವಿಟ್ಟು ಬೇರೆ ಗುಂಪುಗಳಿಗೆ ಕಳುಹಿಸಬೇಡಿ.